32 ಅಡಿಯ ಹಳೆ ಮರದ ಬೋಟು: ಸಂದು ಬಿಗಿ ಮಾಡಿ ಲಾಬ್‌ಸ್ಟರ್‌ಗೆ ಇಳಿಸಬಹುದಾ?

ಕೋಡಿಬೆಂಗ್ರೆ_ಪಡು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬೋಟಿನ ವಿವರ ಮೊದಲು ಕೊಡ್ತೇನೆ, ಆಮೇಲೆ ಪ್ರಶ್ನೆ. ಹಳೆ ಟ್ರಾಲ್ ಬೋಟು, ಉದ್ದ 32 ಅಡಿ, ಅಗಲ ಸಾಧಾರಣ 10 ಅಡಿ. ಹಲಗೆ ಹೆಬ್ಬಲಸು, ದಪ್ಪ 38 ಮಿ.ಮೀ. ಕೀಲ್‌ನ (ಅಡಿಯಲ್ಲಿ ಉದ್ದಕ್ಕೆ ಓಡುವ ಬೆನ್ನೆಲುಬಿನ) ಮರ ಕಪ್ಪು, ಒಳ್ಳೆ ಭಾರ. ಯಾವುದು ಅಂತ ಗುರುತು ಸಿಗ್ತಾ ಇಲ್ಲ. ಮೊಳೆಗಳೆಲ್ಲ ಗ್ಯಾಲ್ವನೈಸ್ ಕಬ್ಬಿಣ. ನೀರಿನ ಗೆರೆಯಿಂದ ಕೆಳಗೆ ಅಲ್ಯೂಮಿನಿಯಂ ತಗಡು ಹೊಡೆದಿದ್ದಾರೆ, ಎಡಬದಿಯಲ್ಲಿ ಎರಡು ಕಡೆ ತಗಡು ಉಬ್ಬಿದೆ. ದಕ್ಕೆಯಲ್ಲಿ (ಬೋಟು ಕಟ್ಟುವ ಕಟ್ಟೆಯಲ್ಲಿ) ಸುಮ್ಮನೆ ನಿಂತಾಗ ದಿನಕ್ಕೆ 15–20 ಕೊಡ ನೀರು ಒಳಗೆ ಬರ್ತದೆ. ಇಂಜಿನ್ ಓಡಿಸಿದ್ರೆ ಅದರ ಮೂರು ಪಟ್ಟು.

ಟ್ರಾಲಿಂಗಿಗೆ ಇದು ಇನ್ನು ಬೇಡ. ಕಲ್ಲು ಇರುವ ಜಾಗದಲ್ಲಿ ಬೋನು ಇಟ್ಟು ಲಾಬ್‌ಸ್ಟರ್, ಒಟ್ಟಿಗೆ ಸ್ವಲ್ಪ ಗಾಳದ ಕೆಲಸ, ಅಷ್ಟೇ ಯೋಚನೆ. ಜೂನ್ 1ಕ್ಕೆ ಮಳೆಗಾಲದ ಮೀನುಗಾರಿಕೆ ಬಂದ್ ಶುರುವಾಗುವಾಗ ಮೇಲೆ ಎಳೀಲಿಕ್ಕೆ ಉಂಟು, ಕೆಲಸಕ್ಕೆ ಎರಡು ತಿಂಗಳು ಸಿಗ್ತದೆ.

ಪ್ರಶ್ನೆ ಮೂರು. ಹಲಗೆಗಳ ನಡುವಿನ ಸಂದುಗಳಿಗೆ ನೀರು ಬಾರದ ಹಾಗೆ ಹೊಸದಾಗಿ ಹತ್ತಿ ಹೊಡೆಸುವುದಾ, ಇಲ್ಲ ಹೊರಗಿನಿಂದ ಪೂರ್ತಿ ಫೈಬರ್ ಮಾಡಿಸುವುದಾ? ಟಾಸ್ಮೇನಿಯಾದ ಹಳೆ ಮರದ ಕ್ರೇಫಿಶ್ ಬೋಟುಗಳಲ್ಲಿ ಹೊಟ್ಟೆಯೊಳಗೇ ಕಡಲ ನೀರು ಓಡಾಡುವ ತೊಟ್ಟಿ ಇರ್ತಿತ್ತಂತೆ, ಹಿಡಿದದ್ದನ್ನು ಜೀವಂತ ತರ್ಲಿಕ್ಕೆ. ಈ ಬೋಟಿನ ಮೀನಿನ ಹೋಲ್ಡನ್ನು (ಮೀನು, ಐಸ್ ತುಂಬುವ ಒಳಕೋಣೆ) ಹಾಗೆ ಮಾಡಬಹುದಾ? ಬೋನು ಎಷ್ಟು ದೊಡ್ಡದಿರಬೇಕು, ಎಷ್ಟು ಬೇಕು?


ಆಚಾರಿ_ಕೊಟ್ಟಿಗೆ:

ನಿಂತಾಗ ಬರುವ ನೀರು ಬೇರೆ, ಇಂಜಿನ್ ಓಡುವಾಗ ಬರುವ ನೀರು ಬೇರೆ. ಎರಡನ್ನೂ ಒಂದೇ ಲೆಕ್ಕಕ್ಕೆ ಹಾಕಿದ್ರೆ ಇಡೀ ಬೋಟಿಗೆ ಹತ್ತಿ ಹೊಡೆದ ಮೇಲೂ ನೀರು ನಿಲ್ಲುವುದಿಲ್ಲ, ಆಚಾರಿಗೆ ಬೈಗಳ ಮಾತ್ರ ಸಿಗ್ತದೆ.

ಇಂಜಿನ್ ಓಡುವಾಗ ಮೂರು ಪಟ್ಟು ಅಂದ್ರೆ ಮೊದಲು ಸ್ಟರ್ನ್ ಟ್ಯೂಬ್ (ಬೋಟು ದೂಡುವ ಫ್ಯಾನಿನ ಶಾಫ್ಟ್ ಹೊರಗೆ ಹೋಗುವ ಕೊಳವೆ) ನೋಡಿ. ಅಲ್ಲಿ ನೀರು ತಡೆಯುವ ಗ್ಲ್ಯಾಂಡಿನ ಹಳೆ ಪ್ಯಾಕಿಂಗ್ ಪೂರ್ತಿ ತೆಗೀಬೇಕು, ಮೇಲಿನ ಎರಡು ಸುತ್ತು ಮಾತ್ರ ಬದಲಿಸಿ ಕೈ ತೊಳೆದುಕೊಳ್ಳುವವರೇ ಜಾಸ್ತಿ. ಹೊಸ ಗ್ರ್ಯಾಫೈಟ್ ಪ್ಯಾಕಿಂಗನ್ನು ಶಾಫ್ಟಿಗೆ ಸುತ್ತಿ ಅಳತೆ ಮಾಡಿ ಪ್ರತ್ಯೇಕ ಉಂಗುರಗಳಾಗಿ ಕತ್ತರಿಸಿ. ಉದ್ದಕ್ಕೆ ಸುರುಳಿ ಸುತ್ತಿ ತುರುಕಿದ್ರೆ ನೀರು ಅದೇ ಸುರುಳಿಯ ದಾರಿ ಹಿಡಿದು ಬರ್ತದೆ. ಮೂರು ಅಥವಾ ನಾಲ್ಕು ಉಂಗುರ ಹಾಕಿ, ಒಂದರ ಜೋಡಣೆ ಇನ್ನೊಂದರ ನೇರಕ್ಕೆ ಬರಬಾರದು. ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಕೆಲವು ಹನಿ ಬೀಳ್ಲೇಬೇಕು. ನಟ್ಟು ಬಿಗಿ ಮಾಡಿ ಒಂದು ಹನಿಯೂ ಬಾರದ ಹಾಗೆ ಮಾಡಿದ್ರೆ ಪ್ಯಾಕಿಂಗ್ ಸುಟ್ಟು ಶಾಫ್ಟಿನ ಮೇಲೆ ಗೀರು ಬೀಳ್ತದೆ, ಗೀರು ಬಿದ್ದ ಶಾಫ್ಟಿಗೆ ಆಮೇಲೆ ಯಾವ ಪ್ಯಾಕಿಂಗೂ ನಿಲ್ಲುವುದಿಲ್ಲ. ಗ್ಲ್ಯಾಂಡ್ ಸರಿ ಇದ್ದೂ ನೀರು ಬಂದ್ರೆ ಟ್ಯೂಬಿನ ಸುತ್ತಲಿನ ಮರ ಮೆತ್ತಗಾಗಿದೆ, ಅಥವಾ ಹಿಂಬದಿಯ ಹಲಗೆಗಳು ಇಂಜಿನ್ನಿನ ಅದುರಿಗೆ ಆಡ್ತಾ ಇವೆ. ಎರಡನೆಯದಾದ್ರೆ ಹತ್ತಿಯಿಂದ ಆಗುವ ಕೆಲಸ ಅಲ್ಲ, ಮೊಳೆ ಹೋಗಿದೆ ಅಂತ ಅರ್ಥ.

ಮೇಲೆ ಎಳೆದ ದಿನವೇ, ಅಡಿ ಒದ್ದೆ ಇರುವಾಗಲೇ, ಹಿಡಿದ ಚಿಪ್ಪು ಕೆರೆದು ಸಿಹಿನೀರಲ್ಲಿ ತೊಳೆಯಿರಿ. ಒಣಗಿದ್ರೆ ಚಿಪ್ಪಿನೊಟ್ಟಿಗೆ ಮರದ ಸಿಪ್ಪೆಯೂ ಏಳ್ತದೆ. ಕೀಲ್ ಕೆಳಗೆ ಕನಿಷ್ಠ 5 ಕಡೆ ದಿಮ್ಮಿ ಕೊಡಿ, ಎರಡು ತುದಿಗೂ ಸೇರಿಸಿ. ನಡುವಿಗೆ ಮಾತ್ರ ಕೊಟ್ರೆ ಎರಡು ತಿಂಗಳಲ್ಲಿ ಮೂತಿ, ಹಿಂಬದಿ ಎರಡೂ ಕೆಳಗೆ ಬಾಗ್ತವೆ, ನೀರಿಗಿಳಿಸಿದ ಮೇಲೆ ಸಂದುಗಳೆಲ್ಲ ಹೊಸ ಜಾಗದಲ್ಲಿ ಬಾಯಿ ಬಿಡ್ತವೆ. ಮೂತಿ ಸ್ವಲ್ಪ ಎತ್ತರ ಇರಲಿ, ಅಡಿಯ ಬಿರಡೆ ತೆಗೆದಿಡಿ, ಮೇಲೆ ಟಾರ್ಪಾಲು ಮಾಡಿನ ಹಾಗೆ ಇಳಿಜಾರಾಗಿ ಕಟ್ಟಿ ಎರಡೂ ತುದಿ ಗಾಳಿಗೆ ತೆರೆದಿಡಿ. ಮರದ ಬೋಟನ್ನು ಕೊಳೆಸುವುದು ಕಡಲ ನೀರಲ್ಲ, ಮಳೆನೀರು. ನಮ್ಮ ಜೂನ್–ಜುಲೈ ಮಳೆಗೆ ಟಾರ್ಪಾಲು ಇಲ್ಲದೆ ಬಿಟ್ಟ ಬೋಟು ಎರಡು ತಿಂಗಳಲ್ಲಿ ಎರಡು ವರ್ಷದಷ್ಟು ಹಾಳಾಗ್ತದೆ.

ಅದೇ ಕಾರಣಕ್ಕೆ ಮೀನಿನ ಹೋಲ್ಡ್ ಅತಿ ಮುಖ್ಯ. ಐಸ್ ಕರಗಿದ ನೀರೂ ಸಿಹಿನೀರೇ. ಒಳಗಿನ ಥರ್ಮೋಕೋಲ್ ಹಿಂದೆ ಹೋಗಿ ನಿಂತ ನೀರು ವರ್ಷಗಟ್ಟಲೆ ಹೊರಗೆ ಬರುವುದಿಲ್ಲ. ಆ ಥರ್ಮೋಕೋಲ್ ಪೂರ್ತಿ ಕಿತ್ತು ಹಿಂದಿನ ಫ್ರೇಮುಗಳನ್ನು (ಹಲಗೆ ಹೊಡೆದಿರುವ ಪಕ್ಕೆಲುಬಿನ ಮರಗಳು) ನೋಡದೆ ಒಂದು ರೂಪಾಯಿಯೂ ಖರ್ಚು ಮಾಡಬೇಡಿ. ಹಲಗೆ ಹೊರಗಿನಿಂದ ಗಟ್ಟಿ ಕಾಣ್ತದೆ, ಒಳಗೆ ಫ್ರೇಮು ಬೆರಳಲ್ಲಿ ಒತ್ತಿದ್ರೆ ಪುಡಿ.

ನೋಡುವ ಕ್ರಮ ಇಷ್ಟೇ: ಸುತ್ತಿಗೆಯ ಹಿಡಿಯಲ್ಲಿ ಪ್ರತಿ ಹಲಗೆಯನ್ನೂ ಒಂದು ಅಡಿಗೆ ಒಂದು ಸಲ ತಟ್ಟಿ. ಗಟ್ಟಿ ಮರ ಖಣ್ ಅಂತದೆ, ಕೊಳೆತದ್ದು ಧಪ್ ಅಂತದೆ. ಧಪ್ ಅಂದಲ್ಲಿ ಸಪೂರ ಸ್ಕ್ರೂಡ್ರೈವರ್ ಒತ್ತಿ. ಮುಖ್ಯವಾಗಿ ಕೀಲ್‌ಗೆ ಹತ್ತಿದ ಮೊದಲ ಹಲಗೆ, ಮೂತಿಮರಕ್ಕೆ ಹಲಗೆ ಸೇರುವಲ್ಲಿ, ಹಿಂಬದಿಯ ಹಲಗೆ ತುದಿಗಳು, ಇಂಜಿನ್ ಬೆಡ್ಡಿನ ಕೆಳಗೆ. ಆಮೇಲೆ ನಾಲ್ಕು ಬೇರೆ ಬೇರೆ ಜಾಗದಿಂದ ಒಂದೊಂದು ಮೊಳೆ ಹೊರಗೆ ಎಳೆಯಿರಿ. ತಲೆ ನೋಡಿ ತೀರ್ಮಾನ ಮಾಡಬೇಡಿ. ಹಲಗೆ ಮತ್ತು ಫ್ರೇಮು ಸೇರುವ ಮಟ್ಟದಲ್ಲಿ ಮೊಳೆ ಸವೆದಿರ್ತದೆ, ನಡು ಸಪೂರ ಆಗಿ ಇರುವೆಯ ಸೊಂಟದ ಹಾಗೆ. ದಪ್ಪ ಅರ್ಧಕ್ಕಿಂತ ಕಡಿಮೆ ಆಗಿದ್ರೆ ಮೊದಲು ಹೊಸ ಮೊಳೆ, ಆಮೇಲೆ ಹತ್ತಿ. ಹೊಸ ಮೊಳೆ ಹಳೆ ತೂತಿಗೆ ಬೇಡ, ಅದರ ಪಕ್ಕದಲ್ಲಿ, ಅದೇ ಎಳೆಯ ನೇರಕ್ಕೆ ಬಾರದ ಹಾಗೆ. ಮೊಳೆಗಿಂತ ಸ್ವಲ್ಪ ಸಪೂರ ತೂತು ಮೊದಲೇ ಕೊರೆಯಿರಿ, ಹಳೆ ಹೆಬ್ಬಲಸು ಕೊರೆಯದೆ ಹೊಡೆದ್ರೆ ಸೀಳ್ತದೆ. ಹಳೆ ತೂತಿಗೆ ಎಣ್ಣೆಬಣ್ಣ ಅದ್ದಿದ ಮರದ ಬಿರಡೆ ಹೊಡೆದು ಸಮ ಕತ್ತರಿಸಿ. ಕೆಲವರು ತಾಮ್ರದ ಮೊಳೆ ಒಳ್ಳೇದು ಅಂತ ಮಧ್ಯೆ ಮಧ್ಯೆ ಹಾಕಿಸ್ತಾರೆ. ಕಬ್ಬಿಣದ ಮೊಳೆ ಇರುವ ಬೋಟಿಗೆ ನೀರಿನ ಕೆಳಗೆ ತಾಮ್ರ ಸೇರಿಸಿದ್ರೆ ಪಕ್ಕದ ಕಬ್ಬಿಣ ಬೇಗ ಕರಗ್ತದೆ, ಮೊಳೆಯ ಸುತ್ತಲಿನ ಮರವೂ ಕಪ್ಪಾಗಿ ಮೆತ್ತಗಾಗ್ತದೆ.

ಕೀಲ್ ಬಗ್ಗೆ: ಒಂದು ಮೂಲೆ ಕೆರೆದು ನೋಡಿ. ಕಂದು ಮರದಲ್ಲಿ ಕಪ್ಪು ಗೆರೆ ಓಡಿದ್ರೆ ಮತ್ತಿ. ಗೆರೆ ಇಲ್ಲದೆ ಒಂದೇ ಬಣ್ಣ, ಉಳಿಗೂ ಬಗ್ಗದಷ್ಟು ಗಟ್ಟಿ ಇದ್ರೆ ಕಿರಾಲ್‌ಬೋಗಿ ಇರಬಹುದು. ಎರಡೂ ಒಳ್ಳೆಯ ಮರವೇ, ಕೀಲ್ ಬಗ್ಗೆ ತಲೆಬಿಸಿ ಬೇಡ.

ಹತ್ತಿ ಹೊಡೆಯುವ ವಿಷಯ ಬೇರೆಯೇ ಬರೀತೇನೆ, ಉದ್ದ ಆಯ್ತು.


ಬಂದರ್_ರೆಸಿನ್:

ಇಷ್ಟೆಲ್ಲ ಎಂತಕ್ಕೆ ಮಾರಾಯ್ರೆ? ತಗಡು ಕಿತ್ತು, ಗ್ರೈಂಡರ್ ಹೊಡೆದು, ಮೂರು ಪದರ ಫೈಬರ್ ಮ್ಯಾಟ್ ಹಾಕಿ ಪಾಲಿಯೆಸ್ಟರ್ ರೆಸಿನ್ ಹಚ್ಚಿದ್ರೆ ಆಯ್ತಲ್ಲ. ನಾಡದೋಣಿಗಳೆಲ್ಲ ಫೈಬರ್ ಆಗಿಲ್ವಾ? ಹತ್ತಿ ಹೊಡೆಯುವ ಆಚಾರಿ ಈಗ ಸಿಗುವುದೂ ಕಷ್ಟ. ಮರ ಕೊರೆಯುವ ಕಡಲ ಹುಳುವಿನ ಕಾಟವೂ ಇಲ್ಲ.


ಹಳೆದಕ್ಕೆ_ಹುಳು:

ಬಂದರ್_ರೆಸಿನ್ ಅವರೇ, ನಾಡದೋಣಿ ಪೂರ್ತಿ ಫೈಬರಿಂದಲೇ ಅಚ್ಚಿನಲ್ಲಿ ಎರಕ ಆದದ್ದು. ಇದು ಹಾಗಲ್ಲ. ಇಲ್ಲಿ ಒಳಗೆ ನೂರಾರು ತುಂಡು ಮರ ಉಂಟು, ಪ್ರತಿಯೊಂದೂ ಒದ್ದೆಯಾದ್ರೆ ಉಬ್ಬಿ, ಒಣಗಿದ್ರೆ ಕುಗ್ಗಿ ಬೇರೆ ಬೇರೆ ಚಲಿಸ್ತದೆ. ಮೇಲಿನ ಫೈಬರ್ ಹಾಗೆ ಹಿಗ್ಗುವುದಿಲ್ಲ. ಮೂರು ಪದರ ಮ್ಯಾಟ್ ಅಂದ್ರೆ 3–4 ಮಿ.ಮೀ., 38 ಮಿ.ಮೀ. ಹಲಗೆ ಉಬ್ಬುವಾಗ ಅದನ್ನು ಸಂದಿನ ಗೆರೆಯಲ್ಲೇ ಸೀಳಿ ಬಿಡ್ತದೆ.

ಅದಕ್ಕಿಂತ ದೊಡ್ಡ ಸಮಸ್ಯೆ ಅಂಟು. ಹಳೆ ಬೋಟಿನ ಮರಕ್ಕೆ ವರ್ಷ ವರ್ಷ ಬೂತಾಯಿ ಮೀನಿನ ಎಣ್ಣೆ, ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಕುಡಿಸಿರ್ತಾರೆ. ಎಣ್ಣೆ ಕುಡಿದ ಮರಕ್ಕೆ ಪಾಲಿಯೆಸ್ಟರ್ ಹಿಡಿಯುವುದೇ ಇಲ್ಲ. ಗ್ರೈಂಡರ್ 2 ಮಿ.ಮೀ. ತೆಗೀತದೆ, ಎಣ್ಣೆ 10 ಮಿ.ಮೀ. ಒಳಗಿರ್ತದೆ. ಮತ್ತೆ ಮರದ ತೇವ ಶೇ. 15ಕ್ಕಿಂತ ಕೆಳಗೆ ಬಾರದೆ ರೆಸಿನ್ ಹಚ್ಚಬಾರದು. ಜುಲೈಯಲ್ಲಿ ಮಂಗಳೂರು, ಉಡುಪಿಯಲ್ಲಿ ತೆರೆದ ಶೆಡ್ಡಿನಲ್ಲಿ ಯಾವ ಮರ ಶೇ. 15ಕ್ಕೆ ಒಣಗ್ತದೆ ಹೇಳಿ? ಒದ್ದೆ ಮರದ ಮೇಲೆ ಮುಚ್ಚಿದ್ರೆ ಒಳಗಿನ ತೇವ ಹೊರಗೆ ಹೋಗುವ ದಾರಿಯೂ ಬಂದ್. ಕೊಳೆತ ಒಳಗಿಂದಲೇ ಶುರು, ಹೊರಗೆ ನೋಡಿದ್ರೆ ಹೊಳೀತಾ ಇರ್ತದೆ. ಎಲ್ಲಿಯಾದ್ರೂ ಕಲ್ಲಿಗೆ ತಾಗಿ ಒಂದು ಸಣ್ಣ ಬಿರುಕು ಬಂತೋ, ಹುಳು ಅಲ್ಲಿಂದ ನುಗ್ತದೆ. ಒಳಗೆ ಎಷ್ಟು ಕೊರೆದಿದೆ ಅಂತ ಕಾಣುವುದೂ ಇಲ್ಲ.

ಫೈಬರ್ ಹೊದಿಕೆ ಕೆಟ್ಟದ್ದು ಅಂತಲ್ಲ. ಹೊಸದಾಗಿ ಒಣ ಮರದಲ್ಲಿ, ಎಣ್ಣೆ ತಾಗಿಸದೆ ಕಟ್ಟಿ, ಆರಂಭದಲ್ಲೇ ಹೊದಿಸಿದ್ರೆ ನಿಲ್ತದೆ. ಈ ಬೋಟಿಗೆ ಅಲ್ಲ.

ಈಗ ಕೇಳಿದವರ ಅಲ್ಯೂಮಿನಿಯಂ ತಗಡಿಗೆ ಬರುವ. ಮರದ ಬೋಟಿಗೆ ತಾಮ್ರದ ತಗಡಿನ ಬದಲು ಅಗ್ಗದ ಅಲ್ಯೂಮಿನಿಯಂ ಮಿಶ್ರಲೋಹದ ತಗಡು ಹೊದಿಸುವ ಕೆಲಸವನ್ನು ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಬೆಳೆಸಿತು, ಟ್ರಾಲ್ ಬೋಟುಗಳಿಗೆ ಅದೇ ರೂಢಿ ಆಯ್ತು. ತಗಡು ಉಬ್ಬಿದೆ ಅಂದ್ರೆ ಹಿಂದಿನ ಡಾಂಬರು ಪದರ ಬಿಟ್ಟು ನೀರು ಸೇರಿದೆ. ಇನ್ನೊಂದು ಸಾಧ್ಯತೆ: ಯಾರೋ ತಗಡಿನ ಮೇಲೆ ನೇರವಾಗಿ ಕೆಂಪು ಆಂಟಿಫೌಲಿಂಗ್ ಬಣ್ಣ (ಚಿಪ್ಪು, ಪಾಚಿ ಹಿಡಿಯದ ಹಾಗೆ ತಡೆಯುವ ಬಣ್ಣ) ಹಚ್ಚಿರ್ತಾರೆ. ಆ ಬಣ್ಣದಲ್ಲಿ ತಾಮ್ರದ ಆಕ್ಸೈಡ್ ಉಂಟು, ಅದು ಅಲ್ಯೂಮಿನಿಯಂ ತಿಂದು ಸೂಜಿ ತೂತು ಮಾಡ್ತದೆ. ಉಬ್ಬಿದ ಎರಡು ಕಡೆ ಮಾತ್ರವಲ್ಲ, ಕೀಲ್ ಬದಿಯ ಒಂದು ಸಾಲು ತಗಡು ಪೂರ್ತಿ ಎಬ್ಬಿಸಿ ನೋಡಿ.

ಹುಳು ಇದ್ರೆ ಹೊರಗೆ ಸಾಸಿವೆ ಗಾತ್ರದ ತೂತು ಅಷ್ಟೇ ಕಾಣ್ತದೆ. ಒಳಗೆ ಬೆರಳು ಹೋಗುವಷ್ಟು ಸುರಂಗ, ಗೋಡೆಗೆ ಸುಣ್ಣದ ಬಿಳಿ ಪದರ. ಮರಿಯಾಗಿದ್ದಾಗ ಒಳಗೆ ಹೊಕ್ಕಿ ಅಲ್ಲೇ ಬೆಳೆಯುವುದರಿಂದ ಹೊರಗಿನ ತೂತು ದೊಡ್ಡದಾಗುವುದೇ ಇಲ್ಲ. ಸುರಂಗ ಮರದ ಎಳೆಯ ಉದ್ದಕ್ಕೇ ಹೋಗ್ತದೆ, ಹಾಗಾಗಿ ತೂತು ಕಂಡ ಕಡೆ ಒಂದು ಅಂಗೈ ಅಗಲ ಕತ್ತರಿಸಿ ತೇಪೆ ಹಾಕಿದ್ರೆ ಪ್ರಯೋಜನ ಇಲ್ಲ, ಹಲಗೆಯನ್ನು ಫ್ರೇಮಿನಿಂದ ಫ್ರೇಮಿಗೆ ಬದಲಿಸಬೇಕು. ಬದುಕಿರುವ ಹುಳು ನೆಲದ ಮೇಲೆ ಎರಡು ತಿಂಗಳು ಒಣಗಿದ್ರೆ ಸಾಯ್ತದೆ. ಹಿಂದೆ ಮಳೆಗಾಲದಲ್ಲಿ ದೋಣಿಗಳನ್ನು ಹೊಳೆಯ ಮೇಲ್ಭಾಗಕ್ಕೆ ಒಯ್ದು ಕಟ್ಟುತ್ತಿದ್ದದ್ದಕ್ಕೂ ಇದೇ ಲಾಭ ಇತ್ತು, ಸಿಹಿನೀರಲ್ಲಿ ಹುಳುವಿಗೆ ಬಾಳಿಲ್ಲ.


ಆಚಾರಿ_ಕೊಟ್ಟಿಗೆ:

ಹಳೆದಕ್ಕೆ ಅವರು ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ಈಗ ಹತ್ತಿ.

ಹಳೆ ಹತ್ತಿ ತೆಗೆಯುವಾಗಲೇ ಅರ್ಧ ಬೋಟುಗಳು ಹಾಳಾಗುವುದು. ಗ್ರೈಂಡರ್, ಕಟ್ಟರ್ ಸಂದಿಗೆ ಮುಟ್ಟಿಸಬೇಡಿ. ಹಲಗೆಯ ಅಂಚು ಒಮ್ಮೆ ತಿಂದು ಹೋದ್ರೆ ಸಂದು ಅಗಲ ಆಗಿ ಹತ್ತಿ ನಿಲ್ಲುವುದಿಲ್ಲ. ಹಳೆ ಅರವನ್ನು ಬಗ್ಗಿಸಿ ಕೊಕ್ಕೆ ಮಾಡಿಕೊಂಡು ಕೈಯಲ್ಲೇ ಎಳೀಬೇಕು. ಸರಿಯಾದ ಸಂದು ಒಳಬದಿಯಲ್ಲಿ ಹಲಗೆಗೆ ಹಲಗೆ ತಾಗಿರ್ತದೆ, ಹೊರಬದಿಯಲ್ಲಿ 3–4 ಮಿ.ಮೀ. ಬಾಯಿ ತೆರೆದಿರ್ತದೆ. ಒಳಬದಿಯೂ ತೆರೆದಿದ್ರೆ ಹತ್ತಿ ಸೀದಾ ಬೋಟಿನ ಹೊಟ್ಟೆಗೆ ಬೀಳ್ತದೆ. ಅಂಥಲ್ಲಿ ಅದೇ ಮರದ ಸಪೂರ ಪಟ್ಟಿ ಕೆತ್ತಿ, ಒಂದು ಬದಿಯ ಹಲಗೆಗೆ ಮಾತ್ರ ಅಂಟಿಸಿ, ಇನ್ನೊಂದು ಬದಿ ಬಿಡಬೇಕು. ಎರಡೂ ಬದಿಗೆ ಅಂಟಿಸಿದ್ರೆ ಹಲಗೆ ಕುಗ್ಗುವಾಗ ಬೇರೆ ಎಲ್ಲಿಯೋ ಸೀಳ್ತದೆ.

ಸಂದು ಗುಡಿಸಿ, ಎರಡೂ ಅಂಚಿಗೆ ತೆಳು ಎಣ್ಣೆಬಣ್ಣ ಎಳೆದು ಒಂದು ದಿನ ಬಿಡಿ. ಬಣ್ಣ ಇಲ್ಲದಿದ್ರೆ ಒಣಮರ ಪುಟ್ಟಿಯ ಎಣ್ಣೆಯನ್ನೆಲ್ಲ ಹೀರಿ ಪುಟ್ಟಿ ಉದುರ್ತದೆ. ಹತ್ತಿಯ ಎಳೆ ಸಂದಿಗಿಂತ ಸ್ವಲ್ಪ ದಪ್ಪ ಇರಲಿ. ಅದನ್ನು ಉದ್ದಕ್ಕೆ ಎಳೆದು ತುರುಕುವುದಲ್ಲ; ಸಣ್ಣ ಸಣ್ಣ ಮಡಿಕೆ ಮಾಡುತ್ತಾ ಉಳಿಯಿಂದ ಒಳಗೆ ಕೂರಿಸುತ್ತಾ ಹೋಗಬೇಕು, ಸಂದು ಅಗಲ ಇದ್ದಲ್ಲಿ ಮಡಿಕೆ ಹತ್ತಿರ ಹತ್ತಿರ, ಸಪೂರ ಇದ್ದಲ್ಲಿ ದೂರ ದೂರ. ಒಂದು ಗಜ ಕೂರಿಸಿದ ಮೇಲೆ ಹಿಂದೆ ಬಂದು ಕೊಡತಿಯಿಂದ ಗಟ್ಟಿ ಮಾಡಿ. 38 ಮಿ.ಮೀ. ಹಲಗೆಗೆ ಹತ್ತಿ ಕೂತ ಮೇಲೆ ಮೇಲ್ಗಡೆ 6 ಮಿ.ಮೀ. ಖಾಲಿ ಉಳೀಬೇಕು, ಅದು ಪುಟ್ಟಿಯ ಜಾಗ. ಕೊಡತಿಯ ಸದ್ದು ಮೆತ್ತಗಿನಿಂದ ಗಡುಸಾದ ಕೂಡ್ಲೇ ನಿಲ್ಲಿಸಿ. ಅಲ್ಲಿಂದ ಮುಂದೆ ಹೊಡೆದ ಪ್ರತಿ ಏಟೂ ಹಲಗೆಯನ್ನು ಫ್ರೇಮಿನಿಂದ ದೂಡ್ತದೆ. ನಮ್ಮ ಕಡೆ ಜೋರು ಹೊಡೆಯುವವ ಒಳ್ಳೆ ಕೆಲಸಗಾರ ಅಂತ ಒಂದು ನಂಬಿಕೆ ಉಂಟು, ತಪ್ಪು. ನೀರಿಗಿಳಿದ ಮೇಲೆ ಹಲಗೆ ಉಬ್ಬಿ ಸಂದನ್ನು ತಾನೇ ಬಿಗಿ ಮಾಡ್ತದೆ. ಮೊದಲೇ ಪೂರ್ತಿ ಬಿಗಿ ಇದ್ರೆ ಉಬ್ಬಿದ ಒತ್ತಡಕ್ಕೆ ಮೊಳೆ ಕೀಳ್ತದೆ, ಇಲ್ಲದಿದ್ರೆ ಫ್ರೇಮು ಬಿರೀತದೆ. ಹಲಗೆಯ ತುದಿಗೆ ತುದಿ ಸೇರುವ ಕಡೆಗಳನ್ನು ಮೊದಲು ಮುಗಿಸಿ, ಆಮೇಲೆ ಉದ್ದ ಸಂದು. ಎಡಬದಿ ಎರಡು ಸಾಲು, ಬಲಬದಿ ಎರಡು ಸಾಲು, ಹೀಗೆ ಸಮ ಸಮ ಹೋಗಬೇಕು.

ಪುಟ್ಟಿಗೆ ರಾಳದ ಪುಡಿಯನ್ನು ಎಣ್ಣೆಯಲ್ಲಿ ಸಣ್ಣ ಬೆಂಕಿಯಲ್ಲಿ ಕರಗಿಸಿ. ಅಳತೆ ಹೇಳಿ ಪ್ರಯೋಜನ ಇಲ್ಲ, ರಾಳ ಒಂದೊಂದು ಸಲ ಒಂದೊಂದು ತರ ಇರ್ತದೆ. ಪರೀಕ್ಷೆ ಹೀಗೆ: ಒಂದು ಹನಿ ತಣ್ಣೀರಿಗೆ ಬಿಡಿ, ತೆಗೆದು ಬಗ್ಗಿಸಿ. ಚಟ್ ಅಂತ ಮುರಿದ್ರೆ ಎಣ್ಣೆ ಸಾಲದು, ಬಿಸಿಲಿಗೆ ಬಿರುಕು ಬಿಡ್ತದೆ. ಬೆರಳಿಗೆ ಅಂಟಿ ನೂಲು ಬಂದ್ರೆ ರಾಳ ಸಾಲದು, ಅದು ಯಾವತ್ತೂ ಗಟ್ಟಿ ಆಗುವುದಿಲ್ಲ. ಮುರಿಯದೆ ಬಗ್ಗಬೇಕು. ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಉಕ್ಕಿ ಬೆಂಕಿ ಹತ್ತಿದ್ರೆ ನೀರು ಹಾಕಬೇಡಿ, ಒದ್ದೆ ಗೋಣಿ ಮುಚ್ಚಿ. ಒಲೆ ಬೋಟಿನಿಂದ ದೂರ ಇರಲಿ, ಶೆಡ್ಡಿನ ಒಳಗಂತೂ ಬೇಡವೇ ಬೇಡ.

ಸಂದಿಗೆ ಸಿಮೆಂಟ್, ಎಪಾಕ್ಸಿ ಪುಟ್ಟಿ ಇಂಥ ಕಲ್ಲಾಗುವ ಯಾವುದೂ ಹಾಕಬೇಡಿ. ಹಲಗೆ ಉಬ್ಬುವಾಗ ಅದು ಕುಗ್ಗುವುದಿಲ್ಲ, ಅಂಚನ್ನೇ ಜಜ್ಜಿ ಹಾಕ್ತದೆ.

ಮೇಲ್ಭಾಗಕ್ಕೆ ಗೇರೆಣ್ಣೆ ಕೊಡುವುದಾದ್ರೆ ಸೀಮೆಎಣ್ಣೆಯಲ್ಲಿ ತೆಳು ಮಾಡಿ, ಎರಡು ತೆಳು ಕೈ. ದಪ್ಪ ಹಚ್ಚಿದ್ದು ತಿಂಗಳಾದ್ರೂ ಒಣಗುವುದಿಲ್ಲ. ಹಸಿ ಗೇರೆಣ್ಣೆ ಚರ್ಮಕ್ಕೆ ಬಿದ್ರೆ ಬೊಬ್ಬೆ ಏಳ್ತದೆ, ಕೈಗವಸು ಹಾಕಿಯೇ ಕೆಲಸ ಮಾಡಿ, ಅದರ ಕೆಳಗೆ ತೆಂಗಿನೆಣ್ಣೆ ಸವರಿಕೊಳ್ಳಿ. ನೀರಿನ ಗೆರೆಯ ಕೆಳಗೆ, ಆಂಟಿಫೌಲಿಂಗ್ ಬರುವ ಕಡೆ, ಎಣ್ಣೆ ತಾಗಿಸಬೇಡಿ; ಬಣ್ಣ ಹಾಳೆಯಾಗಿ ಏಳ್ತದೆ.


ಕಾಪು_ಕಲ್ಲು:

ಲಾಬ್‌ಸ್ಟರ್ ಭಾಗ ನಾನು ಹೇಳ್ತೇನೆ.

ಟಾಸ್ಮೇನಿಯಾದ ಬೋಟಿನ ತೊಟ್ಟಿ ನಿಜ. ಹ್ಯುವಾನ್ ಪೈನ್ ಮರದ ಬೋಟುಗಳು, ನಡುವಲ್ಲಿ ಎರಡು ಅಡ್ಡಗೋಡೆ ನೀರು ಸೋರದ ಹಾಗೆ ಕಟ್ಟಿ, ಅವುಗಳ ಮಧ್ಯೆ ಅಡಿಯ ಹಲಗೆಗೆ ಸಾಲಾಗಿ ತೂತು ಕೊರೀತಿದ್ರು. ಕಡಲ ನೀರು ತಾನಾಗಿ ಒಳಗೆ ಹೊರಗೆ ಹೋಗ್ತದೆ, ಕ್ರೇಫಿಶ್ ದಿನಗಟ್ಟಲೆ ಬದುಕ್ತದೆ. ಅಲ್ಲಿ ಕ್ರೇಫಿಶ್ ಅಂದ್ರೆ ಹೊಳೆಯ ಪ್ರಾಣಿ ಅಲ್ಲ, ದೊಡ್ಡ ಇಕ್ಕಳ ಇಲ್ಲದ, ಉದ್ದ ಮೀಸೆಯ ಮುಳ್ಳು ಲಾಬ್‌ಸ್ಟರೇ. ನಮ್ಮ ಕಲ್ಲುಗಳ ಲಾಬ್‌ಸ್ಟರಿನ ನೆಂಟ, ಆದ್ರೆ ತಣ್ಣೀರಿನದ್ದು.

ಈ ಬೋಟಿಗೆ ಅದು ಬೇಡ. ಲೆಕ್ಕ ನೋಡಿ: ತೊಟ್ಟಿ 2 ಮೀಟರ್ ಉದ್ದ, 1.5 ಅಗಲ, ನೀರಿನ ಆಳ 0.8 ಅಂದ್ರೆ 2.4 ಘನ ಮೀಟರ್. ಬೋಟನ್ನು ತೇಲಿಸುವ ಶಕ್ತಿಯಲ್ಲಿ ಹತ್ತಿರ ಎರಡೂವರೆ ಟನ್ ಕಡಿಮೆ ಆಯ್ತು. 32 ಅಡಿಯ ಬೋಟಿಗೆ ಇದು ಸಣ್ಣ ಮಾತಲ್ಲ, ಅಳಿವೆಬಾಗಿಲಲ್ಲಿ (ಹೊಳೆ ಕಡಲು ಸೇರುವಲ್ಲಿ) ಅಲೆ ಮುರಿಯುವಾಗ ಬೋಟಿನ ಅಂಚು ಇನ್ನಷ್ಟು ತಗ್ಗಿರ್ತದೆ. ಟಾಸ್ಮೇನಿಯಾದವರು ಕಟ್ಟುವಾಗಲೇ ತೊಟ್ಟಿಗೆ ಬೇಕಾದ ಹೊಟ್ಟೆ ಕೊಡ್ತಿದ್ರು. ಹಳೆ ಹಲಗೆಗೆ ಈಗ ತೂತು ಕೊರೆದ್ರೆ ಪ್ರತಿ ತೂತಿನ ಒಳಗಂಚೂ ಹುಳುವಿಗೆ ತೆರೆದ ಬಾಗಿಲು, ಅಲ್ಲಿಗೆ ಬಣ್ಣದ ಕುಂಚವೂ ಹೋಗುವುದಿಲ್ಲ.

ಬೋಟು ತಡೆದ್ರೂ ನೀರು ತಡೆಯುವುದಿಲ್ಲ. ಅಲ್ಲಿಯ ಕಡಲು 12–18 ಡಿಗ್ರಿ, ನಮ್ಮದು ಹೆಚ್ಚಿನ ತಿಂಗಳು 28–30. ಕಡಲ ನೀರು 12 ಡಿಗ್ರಿಯಲ್ಲಿ ಲೀಟರಿಗೆ 8.5 ಮಿ.ಗ್ರಾಂ. ಆಮ್ಲಜನಕ ಹಿಡಿದ್ರೆ 30 ಡಿಗ್ರಿಯಲ್ಲಿ ಹಿಡಿಯುವುದು 6 ಚಿಲ್ಲರೆ. ಪ್ರಾಣಿಗೆ ಬೇಕಾಗುವುದು ಬಿಸಿನೀರಲ್ಲಿ ಹೆಚ್ಚು, ಸಿಗುವುದು ಕಡಿಮೆ. ಇನ್ನು ಮಂಗಳೂರಿನ ದಕ್ಕೆ ಇರುವುದು ಗುರುಪುರ ಹೊಳೆಯಲ್ಲಿ, ಉಡುಪಿ ಕಡೆಯೂ ಹೆಚ್ಚಿನ ಬೋಟು ನಿಲ್ಲುವುದು ಹೊಳೆಬಾಯಿಯ ಒಳಗೆ. ಮಳೆಗಾಲ ಮುಗಿದ ಮೇಲೂ ಇಳಿತದ ಹೊತ್ತಿಗೆ ಅಲ್ಲಿ ಉಪ್ಪು ಕಡಿಮೆ. ಮುಳ್ಳು ಲಾಬ್‌ಸ್ಟರಿಗೆ ಸಪ್ಪೆ ನೀರು ಆಗುವುದಿಲ್ಲ, ಮೇಲಿಂದ ಡೀಸೆಲ್ ಬೇರೆ. ಕಡಲಲ್ಲಿ ಚುರುಕಾಗಿದ್ದದ್ದು ದಕ್ಕೆಗೆ ಬರುವಾಗ ಸತ್ತಿರ್ತದೆ.

ನೀರಿನಲ್ಲಿ ಇಡುವುದಕ್ಕಿಂತ ಒದ್ದೆಯಾಗಿ, ತಂಪಾಗಿ, ನೆರಳಲ್ಲಿ ಇಡುವುದೇ ಒಳ್ಳೇದು. ತೂತು ಇರುವ ಪ್ಲಾಸ್ಟಿಕ್ ಕ್ರೇಟು, ಅಡಿಗೆ ಒದ್ದೆ ಗೋಣಿ, ಒಂದೇ ಪದರ ಲಾಬ್‌ಸ್ಟರ್ ಹೊಟ್ಟೆ ಕೆಳಗಾಗಿ, ಮೇಲೆ ಮತ್ತೊಂದು ಒದ್ದೆ ಗೋಣಿ. ಹೊರಗಿನ ಕಡಲ ನೀರನ್ನೇ 15–20 ನಿಮಿಷಕ್ಕೊಮ್ಮೆ ಚಿಮುಕಿಸಿ, ಅಳಿವೆ ದಾಟುವ ಮೊದಲು ಎರಡು ಡ್ರಮ್ಮಿನಲ್ಲಿ ತುಂಬಿಸಿಕೊಳ್ಳಿ. ಐಸ್ ನೇರ ತಾಗಬಾರದು, ಕರಗಿದ ಸಿಹಿನೀರು ಕಿವಿರಿಗೆ ಹೋದ್ರೆ ಮುಗೀತು. ಬೋನಿನಿಂದ ತೆಗೆಯುವಾಗ ಬೆನ್ನಿನ ಗಟ್ಟಿ ಚಿಪ್ಪು ಹಿಡೀಬೇಕು. ಮೀಸೆ ಹಿಡಿದು ಎಳೆದ್ರೆ ಮೀಸೆ ಕೈಯಲ್ಲಿ, ಕಾಲು ಹಿಡಿದ್ರೆ ತಾನೇ ಕಾಲು ಕಳಚಿಬಿಡ್ತದೆ. ಅಂಗ ಹೋದದ್ದಕ್ಕೆ ಜೀವಂತ ಮಾಲಿನ ಬೆಲೆ ಸಿಗುವುದಿಲ್ಲ.

ಬೋನು: 90 × 60 × 40 ಸೆಂ.ಮೀ. ಸಾಕು. 10 ಮಿ.ಮೀ. ಸರಳಿನ ಚೌಕಟ್ಟು, ಬಲೆ ಬಿಗಿಯಾಗಿ ಕಟ್ಟಿದ್ದು, ಬಾಯಿ ಹೊರಗೆ ಅಗಲ, ಒಳಗೆ ಸಪೂರ. ಒಂದು ಬದಿಯ ಕೆಳಗೆ 50 ಮಿ.ಮೀ. ಎತ್ತರದ ಅಡ್ಡ ಕಿಂಡಿ ಬಿಡಿ, ಮರಿಗಳು ಹೊರಗೆ ಹೋಗ್ತವೆ. ಪಶ್ಚಿಮ ಆಸ್ಟ್ರೇಲಿಯಾದ ಬೋನುಗಳಲ್ಲಿ ಇಂಥ ಕಿಂಡಿ ಕಡ್ಡಾಯ. ಇನ್ನೊಂದು ಬದಿಯ ಬಲೆಯನ್ನು ಹತ್ತಿ ದಾರದಲ್ಲಿ ಕಟ್ಟಿ. ಬೋನು ಕಳೆದುಹೋದ್ರೆ ದಾರ ಕೊಳೆತು ಬದಿ ತೆರೀತದೆ, ಇಲ್ಲದಿದ್ರೆ ಅದು ತಳದಲ್ಲಿ ಕೂತು ಸುಮ್ಮನೆ ಹಿಡೀತಾ ಕೊಲ್ತಾ ಇರ್ತದೆ.

ಆಮಿಷಕ್ಕೆ ಬಂಗುಡೆ ತಲೆ, ಜಜ್ಜಿದ ಪಚ್ಚಿಲೆ (ಕಲ್ಲಿಗೆ ಹಿಡಿಯುವ ಚಿಪ್ಪುಮೀನು). ಸಂಜೆ ಬಿಟ್ಟು ಬೆಳಕು ಹರಿಯುವ ಹೊತ್ತಿಗೆ ಎತ್ತಬೇಕು, ಇವು ರಾತ್ರಿ ಮೇಯುವ ಪ್ರಾಣಿಗಳು. ಒಂದು ಹಗ್ಗಕ್ಕೆ 8–10 ಬೋನು, ಮಧ್ಯೆ 12–15 ಮೀಟರ್, ಒಟ್ಟು 25–30 ಬೋನಿನಿಂದ ಶುರು ಮಾಡಿ. ತೇಲುವ ಪ್ಲಾಸ್ಟಿಕ್ ಹಗ್ಗ ಇಳಿತದಲ್ಲಿ ಸಡಿಲ ಆಗಿ ನೀರ ಮೇಲೆ ಹರಡಿ ಫ್ಯಾನಿಗೆ ಸುತ್ತಿಕೊಳ್ತದೆ. ಮೇಲೆ ತೇಲುವ ಗುರುತಿನ ಬುರುಡೆಯಿಂದ 3–4 ಮೀಟರ್ ಕೆಳಗೆ ಹಗ್ಗಕ್ಕೆ ಒಂದು ಸೀಸದ ತೂಕ ಕಟ್ಟಿ.

ಸತ್ಯ ಹೇಳಬೇಕಾದ್ರೆ ಇದರಲ್ಲೇ ಹೊಟ್ಟೆ ತುಂಬುವುದಿಲ್ಲ. ದೇಶದಲ್ಲಿ ಲಾಬ್‌ಸ್ಟರ್ ಹೆಚ್ಚು ಬರುವುದು ಗುಜರಾತ್, ಮಹಾರಾಷ್ಟ್ರ, ತಮಿಳುನಾಡು ಕಡೆ. ನಮ್ಮಲ್ಲಿ ಕಲ್ಲು ಇರುವ ತುಂಡು ತುಂಡು ಜಾಗಗಳಲ್ಲಿ ಸ್ವಲ್ಪ ಸ್ವಲ್ಪ. ಅದನ್ನೂ ಬಾಚಿಬಿಟ್ರೆ ಮುಗೀತು. ಮುಂಬಯಿ ಕಡಲಲ್ಲಿ ಟ್ರಾಲ್ ಬಲೆಗೆ ನೂರಾರು ಟನ್ ಬೀಳ್ತಿದ್ದ ಚಪ್ಪಟೆ ಮರಳು ಲಾಬ್‌ಸ್ಟರ್ 1994ರ ಹೊತ್ತಿಗೆ ಹೆಚ್ಚುಕಮ್ಮಿ ಇಲ್ಲವೇ ಆಯ್ತು. ಹೊಟ್ಟೆಯ ಕೆಳಗೆ ಕಿತ್ತಳೆ ಬಣ್ಣದ ಮೊಟ್ಟೆ ಇರುವ ಹೆಣ್ಣನ್ನು ಅಲ್ಲೇ ಬಿಡಿ. ರಫ್ತಿಗೆ 2003ರಿಂದ ಕನಿಷ್ಠ ತೂಕದ ನಿಯಮ ಉಂಟು: ಕೆಸರು ತಳದ ಮುಳ್ಳು ಲಾಬ್‌ಸ್ಟರ್ 300 ಗ್ರಾಂ, ಕಲ್ಲಿನ ಸಣ್ಣ ಜಾತಿ 200 ಗ್ರಾಂ, ದೊಡ್ಡ ಬಣ್ಣದ ಜಾತಿ 500 ಗ್ರಾಂ, ಚಪ್ಪಟೆಯದ್ದು 150 ಗ್ರಾಂ. ಅದಕ್ಕಿಂತ ಸಣ್ಣದ್ದು ತಂದ್ರೆ ರಫ್ತಿನ ವ್ಯಾಪಾರಿ ಮುಟ್ಟುವುದಿಲ್ಲ.


ಕೋಡಿಬೆಂಗ್ರೆ_ಪಡು:

ತುಂಬ ಉಪಕಾರ ಆಯ್ತು. ತೊಟ್ಟಿ ಬಿಟ್ಟೆ, ಫೈಬರೂ ಬಿಟ್ಟೆ. ಆಚಾರಿ ಅಣ್ಣ, ಇನ್ನು ಒಂದೇ ಪ್ರಶ್ನೆ. ಆಗಸ್ಟಿಗೆ ನೀರಿಗಿಳಿಸಿದ ಮೇಲೆ ಎಷ್ಟು ದಿನ ಬಿಟ್ಟು ಕಡಲಿಗೆ ಹೋಗಬಹುದು? ಮೊದಲ ದಿನ ಎಷ್ಟು ನೀರು ಬಂದ್ರೆ ಹೆದರಬೇಕು?


ಆಚಾರಿ_ಕೊಟ್ಟಿಗೆ:

ಇಳಿಸುವ ಮೂರು ನಾಲ್ಕು ದಿನ ಮೊದಲೇ ಒಳಗೆ ಒದ್ದೆ ಗೋಣಿ ಹಾಸಿ, ಹೊರಗೆ ದಿನಕ್ಕೆರಡು ಸಲ ಕಡಲ ನೀರು ಎರಚಿ. ಒಳಗೆ ನೀರು ತುಂಬಿಸಿ ಪರೀಕ್ಷೆ ಮಾಡುವುದಾದ್ರೆ ಅರ್ಧ ಅಡಿಗಿಂತ ಹೆಚ್ಚು ಬೇಡ. ನೆಲದ ಮೇಲೆ ನಿಂತ ಬೋಟಿಗೆ ಹೊರಗಿನಿಂದ ಒತ್ತುವ ನೀರು ಇಲ್ಲ, ಒಳಗಿನ ಭಾರಕ್ಕೆ ಹಲಗೆ ಹೊರಗೆ ಬರ್ತದೆ. ಅರ್ಧ ಅಡಿ ಹಾಕಿ ಹೊರಗೆ ಎಲ್ಲಿ ಒದ್ದೆ ಕಾಣ್ತದೆ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಿ.

ಆಂಟಿಫೌಲಿಂಗ್ ಕೊನೆಯ ಕೈ ಇಳಿಸುವ ಹಿಂದಿನ ದಿನ. ಅಲ್ಯೂಮಿನಿಯಂ ತಗಡು ಉಳಿಸಿಕೊಂಡ ಭಾಗಕ್ಕೆ ಮೊದಲು ತಡೆಬಣ್ಣ ಎರಡು ಕೈ, ಮೇಲಿನ ಬಣ್ಣ ತಾಮ್ರ ಇಲ್ಲದ್ದು.

ಬೆಳಿಗ್ಗೆ ಭರತಕ್ಕೆ ಇಳಿಸಿ, ಆಳ ಕಡಿಮೆ ಇರುವ ಕಡೆ ಕಟ್ಟಿ. ಒಂದು ಇಂಜಿನ್ ಪಂಪು, ಒಂದು ಕೈಪಂಪು, ಜನ ಇಬ್ಬರು. ಮೊದಲ ಆರು ಗಂಟೆ ಎಷ್ಟು ಬಂದ್ರೂ ಹೆದರಬೇಡಿ, ಹತ್ತಿ ಮತ್ತೆ ಹೊಡೀಲಿಕ್ಕೂ ಹೋಗಬೇಡಿ, ಹಲಗೆ ಉಬ್ಬಲಿ. ಒಂದೊಂದು ಗಂಟೆಗೆ ಎಷ್ಟು ಕೊಡ ತೆಗೆದ್ರಿ ಅಂತ ಬರೆದಿಡಿ. ಆ ಸಂಖ್ಯೆ ಇಳೀತಾ ಬರಬೇಕು. 24 ಗಂಟೆಗೆ ಅರ್ಧದಷ್ಟೂ ಇಳಿಯದಿದ್ರೆ, ಅಥವಾ ಇಳಿದು ಮತ್ತೆ ಏರಿದ್ರೆ, ಮೇಲೆ ಎಳೀಬೇಕು. ಏರಿದ್ದು ಅಂದ್ರೆ ಎಲ್ಲಿಯೋ ಹಲಗೆ ತಳ್ಳಿದೆ. ಎರಡು ದಿನ ಪೂರ್ತಿ ಕಳೆದ ಮೇಲೆ ಮಾತ್ರ ಶಾಫ್ಟ್ ಮತ್ತು ಗೇರ್‌ಬಾಕ್ಸಿನ ಕಪ್ಲಿಂಗ್ ಬಿಚ್ಚಿ ಸುತ್ತ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ನೋಡಿ, ವ್ಯತ್ಯಾಸ 0.1 ಮಿ.ಮೀ. ಒಳಗೆ ಇರಬೇಕು. ನೆಲದ ಮೇಲೆ ಮಾಡಿದ ಜೋಡಣೆ ತೇಲುವಾಗ ಸರಿ ಇರುವುದಿಲ್ಲ, ಬೋಟಿನ ಆಕಾರವೇ ಸ್ವಲ್ಪ ಬದಲಾಗ್ತದೆ. ನಾಲ್ಕನೆಯ ದಿನ ಇಂಜಿನ್ ಹಾಕಿ ಅಳಿವೆಯ ಒಳಗೇ ಎರಡು ಗಂಟೆ ಓಡಿಸಿ, ಗ್ಲ್ಯಾಂಡಿನ ಮೇಲೆ ಕೈ ಇಟ್ಟು ನೋಡಿ. ಕೈ ಇಡ್ಲಿಕ್ಕೆ ಆಗದಷ್ಟು ಬಿಸಿ ಇದ್ರೆ ನಟ್ಟು ಕಾಲು ಸುತ್ತು ಸಡಿಲಿಸಿ.